ಬಾರದ ಜ್ವರ

“ಗುರುಗಳೇ, ಮುಂದಾಗುವುದನ್ನು ಹೇಳುವವನ ಮಾತು ನಿಜವೋ ಸುಳ್ಳೋ ಎಂದು ತಿಳಿಯುವುದು ಹೇಗೆ?” ಎಂದು ಶಿಷ್ಯ ನಿರಂಜನ ಕೇಳಿದ.

ಗುರುಗಳು ಹೇಳತೊಡಗಿದರು.

ಬಣ್ಣಗಾರರ ಊರೊಂದರಲ್ಲಿ ಒಬ್ಬ ವೈದ್ಯನಿದ್ದ. ಜ್ವರ ಬಂದಮೇಲೆ ಔಷಧಿ ಕೊಡುವುದರಲ್ಲೇ ಅವನಿಗೆ ತೃಪ್ತಿಯಿರಲಿಲ್ಲ. ಅದು ಬರುವ ಮೊದಲು ಏನೇನಾಗಿರುತ್ತದೆ ಎಂಬ ಕುತೂಹಲ ಅವನಿಗೆ. ವರ್ಷಗಟ್ಟಲೆ ಮಳೆ, ಗಾಳಿ, ಬಿಸಿಲನ್ನು ನೋಡುತ್ತ ಬಂದ. ರೋಹಿಣಿ ಮಳೆ ಸುರಿದು, ಮೃಗಶಿರಾ ಕೈಕೊಟ್ಟು, ಸೆಕೆ ಕವಿದ ವರ್ಷಗಳಲ್ಲೆಲ್ಲ ನಿಂತ ನೀರಿನಲ್ಲಿ ಸೊಳ್ಳೆ ಹೆಚ್ಚುತ್ತಿತ್ತು. ಅದರ ಹಿಂದೆಯೇ ಜ್ವರ ಬರುತ್ತಿತ್ತು.

ಒಂದು ವರ್ಷ ಮತ್ತೆ ಹಾಗೆಯೇ ಮಳೆ ಬಿದ್ದು ನಿಂತಿತು. “ಈ ಸಲ ಜ್ವರ ಬರುತ್ತದೆ, ತೊಟ್ಟಿಗಳಲ್ಲಿ ನಿಂತ ನೀರನ್ನು ಚೆಲ್ಲಿಬಿಡಿ” ಎಂದು ವೈದ್ಯ ತನ್ನ ಊರಿನವರಿಗೂ ಕೆರೆಯಾಚೆಯ ಊರಿನವರಿಗೂ ಹೇಳಿದ. ಆಚೆ ಊರಿನವರು ನಕ್ಕು ಸುಮ್ಮನಾದರು.

ಬಣ್ಣಗಾರರಿಗೆ ನೀರು ಚೆಲ್ಲುವುದು ಸುಲಭವಾಗಿರಲಿಲ್ಲ. ಹಿಡಿದಿಟ್ಟ ಮಳೆನೀರಿನಲ್ಲೇ ಅವರ ಬಣ್ಣ ಬಟ್ಟೆಗೆ ಚೆನ್ನಾಗಿ ಕೂರುವುದು. ಅವರ ಹಿರಿಯಳು ಸಾವಂತ್ರವ್ವ ಹಿಂದಿನ ಜ್ವರದಲ್ಲಿ ಮಗಳನ್ನು ಕಳೆದುಕೊಂಡಿದ್ದಳು. ಅವಳು ಮೊದಲು ತನ್ನ ತೊಟ್ಟಿಯನ್ನು ಬರಿದುಮಾಡಿದಳು. ಉಳಿದವರೂ ಚೆಲ್ಲಿದರು. ಕೆಲಸ ನಿಂತಿತು. ಮನೆಗಳಲ್ಲಿ ಒಂದೇ ಹೊತ್ತು ಒಲೆ ಉರಿಯಿತು.

ಜ್ವರ ಬರಲೇ ಇಲ್ಲ. ಜನ ಸಾವಂತ್ರವ್ವನನ್ನು ಬೈದರು. ಅವಳು ವೈದ್ಯನ ಮನೆಗೆ ಬಂದಳು.

“ಎಲ್ಲಪ್ಪಾ ನಿನ್ನ ಜ್ವರ? ನೀರು ಚೆಲ್ಲಿದ್ದಕ್ಕೆ ಬರಲಿಲ್ಲವೋ, ಬರುವುದೇ ಇರಲಿಲ್ಲವೋ?”

“ನನಗೂ ಗೊತ್ತಿಲ್ಲ, ಅವ್ವಾ,” ಎಂದ ವೈದ್ಯ. “ಆಚೆ ಊರಿನವರು ನೀರು ಚೆಲ್ಲಲಿಲ್ಲ. ಮಳೆ, ಸೆಕೆ ಅವರಿಗೂ ಇದೇ. ನೋಡಿ ಬರೋಣ, ಬಾ.”

ಇಬ್ಬರೂ ಹೋದರು. ಬೀದಿಯಲ್ಲಿ ಯಾರೂ ಇರಲಿಲ್ಲ. ಮನೆಮನೆಯಲ್ಲೂ ಜನ ಕಂಬಳಿ ಹೊದ್ದು ನಡುಗುತ್ತ ಮಲಗಿದ್ದರು. ಎದ್ದು ನೀರು ಕೊಡಬಲ್ಲವರು ಕೆಲವರೇ. ತನ್ನ ಅಂದಾಜು ಸರಿಯಾಗಿದ್ದನ್ನು ಕಂಡು ವೈದ್ಯ ಬಾಗಿಲಲ್ಲೇ ಕುಸಿದು ಕೂತ. ಸಾವಂತ್ರವ್ವ ಅವನ ಕೈಯಿಂದ ಔಷಧಿಯ ಚೀಲ ತೆಗೆದುಕೊಂಡು ಒಳಗೆ ನಡೆದಳು. ಸ್ವಲ್ಪ ಹೊತ್ತಿಗೆ ಅವನೂ ಎದ್ದು ಹೋದ. ಜ್ವರ ಇಳಿಯುವವರೆಗೂ ಇಬ್ಬರೂ ಅಲ್ಲೇ ಉಳಿದರು. ಆದರೂ ಕೆಲವರು ಬದುಕಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

“ಹಾಗಾದರೆ ವೈದ್ಯನ ಮಾತು ಕೊನೆಗೂ ನಿಜವಾಯಿತು,” ಎಂದ ನಿರಂಜನ.

“ನಿಜವಾದದ್ದು ಆಚೆ ಊರಿನಲ್ಲಿ. ಆದರೆ ಆ ಮಾತು ಕಾಪಾಡಿದ್ದು ಯಾವ ಊರನ್ನು?” ಎಂದರು ಗುರುಗಳು.