ಅಜ್ಜನ ಏಳು ಡಿಸ್ಕು

ಮಲಪ್ರಭೆಯ ದಂಡೆಯಲ್ಲೊಂದು ಆಶ್ರಮ. ಅಲ್ಲಿ ತತ್ವಪದ ಕಲಿಸುವವರು ನೀಲವ್ವ ತಾಯಿ. ಅವರ ಹಿರಿಯ ಶಿಷ್ಯ ಮಡಿವಾಳಯ್ಯ.

ಈ ಮಡಿವಾಳಯ್ಯನಿಗೆ ಒಂದು ಹೆಮ್ಮೆ. ತಾಯಿಯ ಗುರುಗಳಾದ ಅಜ್ಜ ಲಿಂಗೈಕ್ಯರಾಗುವ ಮುಂಚೆ ಹಾಡಿದ ಪದಗಳು ಏಳು ಡಿಸ್ಕುಗಳಲ್ಲಿದ್ದವು. ಆ ಪೆಟ್ಟಿಗೆಯ ಬೀಗದ ಕೈ ಇವನ ಉಡಿದಾರದಲ್ಲಿತ್ತು.

ಹನ್ನೊಂದು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಕಾಯ್ದಿದ್ದ. ಯಾರು ಕೇಳಿದರೂ ಕೊಟ್ಟವನಲ್ಲ. ದೇವರು ಕೊಟ್ಟರೂ ಪೂಜಾರಿ ಕೊಡ ಎಂದು ಅಡುಗೆಮನೆಯವರು ನಗುತ್ತಿದ್ದರು. ನಗಲಿ ಬಿಡಿ, ಅವನ ಎದೆ ಮಾತ್ರ ಒಂದು ಗೇಣು ಉಬ್ಬಿಯೇ ಇರುತ್ತಿತ್ತು.

ಈ ವರ್ಷ ಅಜ್ಜನ ಪುಣ್ಯತಿಥಿಗೆ ದೋಣಿಯ ಪದ ಹಾಡಬೇಕಾದವನು ಅವನೇ. ಮೊದಲ ಬಾರಿ ಆ ಭಾಗ್ಯ ಬಂದಿತ್ತು. ಅದರ ಮೊದಲ ಮೂರು ನುಡಿ ಎಲ್ಲರಿಗೂ ಬಾಯಿಪಾಠ. ಕಡೆಯ ನಾಲ್ಕನೆಯ ನುಡಿ ಯಾರಿಗೂ ನೆನಪಿಲ್ಲ ಎಂದು ಅವನು ನಂಬಿದ್ದ.

"ಅದು ನನ್ನ ಪೆಟಗ್ಯಾಗ ಐತಿ," ಎಂದು ಭಕ್ತರ ಮುಂದೆಲ್ಲ ಹೇಳಿಯೂ ಬಿಟ್ಟಿದ್ದ.

ಪುಣ್ಯತಿಥಿಗೆ ಎರಡು ದಿನ ಉಳಿದಿರುವಾಗ ಆ ಪದವಿದ್ದ ನಾಲ್ಕನೆಯ ಡಿಸ್ಕನ್ನು ಆಶ್ರಮದ ಲ್ಯಾಪ್‌ಟಾಪಿಗೆ ಹಾಕಿದ. ಅದು ಗರ್ರನೆ ತಿರುಗಿ ನಿಂತಿತು. ಡಿಸ್ಕು ಹಾಕಿ ಎಂದು ಪರದೆಯ ಮೇಲೆ ಬಂತು. ಹಾಗಾದರೆ ಹಾಕಿದ್ದೇನು, ಹಪ್ಪಳವೇ?

ಬಂದ್ ಮಾಡಿ ಚಾಲೂ ಮಾಡಿದ. ಡ್ರೈವಿನ ಒಳಗಿನ ಪುಟ್ಟ ಕಣ್ಣನ್ನು ಹತ್ತಿಯಿಂದ ಒರೆಸಿದ. ಉಳಿದ ಆರನ್ನೂ ಹಾಕಿ ನೋಡಿದ. ಒಂದೂ ಉಸಿರೆತ್ತಲಿಲ್ಲ. ಅಡುಗೆಮನೆಯವರ ಸಿನಿಮಾ ಡಿಸ್ಕು ಹಾಕಿದರೆ, ಅದು ಮಾತ್ರ ಮೊದಲ ಹಾಡಿನಿಂದಲೇ ಕುಣಿಯಿತು.

ಲ್ಯಾಪ್‌ಟಾಪನ್ನು ಬಗಲಲ್ಲಿಟ್ಟುಕೊಂಡು ಪೇಟೆಗೆ ಹೋದ. ಅಂಗಡಿಯವನು ತನ್ನವೇ ಐದಾರು ಡಿಸ್ಕು ಹಾಕಿ ನೋಡಿದ. "ಡ್ರೈವ್ ಚಲೋ ಐತ್ರಿ. ನಿಮ್ಮ ಡಿಸ್ಕ ತೋರಸ್ರಿ," ಎಂದ.

ಮಡಿವಾಳಯ್ಯ ತಂದೇ ಇರಲಿಲ್ಲ. ಅಜ್ಜನ ದನಿಯನ್ನು ಕಂಡಕಂಡವರ ಕೈಗೆ ಕೊಡುವುದುಂಟೇ?

ಮರಳಿ ಬಂದು ತಾಯಿಯ ಮುಂದೆ ಕೂತ.

"ಅವ್ವಾರ, ಇದು ಸಿನಿಮಾ ಓದತೈತಿ, ಅಜ್ಜಾರನ್ನ ಓದಂಗಿಲ್ಲ. ಅವರ ವಾಣಿ ತಡಕೊಳ್ಳೋ ತಾಕತ್ತ ಈ ಮಷಿನ್ನಿಗೆ ಇಲ್ರಿ."

"ಕುಣೀಲಾರದಾಕಿ ನೆಲಾ ಡೊಂಕ ಅಂದ್ಲಂತ," ಎಂದರು ತಾಯಿ. "ಡಿಸ್ಕ ತಾ ಇಲ್ಲೆ."

ನಾಲ್ಕನೆಯದನ್ನು ತಂದುಕೊಟ್ಟ. ತಾಯಿ ಅದನ್ನು ಬಿಸಿಲಿಗೆ ಹಿಡಿದು ಓರೆ ಮಾಡಿದರು. ಹೊಳೆಯಬೇಕಾದ ಮೈ ಬೂದುಬಣ್ಣಕ್ಕೆ ತಿರುಗಿತ್ತು.

"ಏನಪಾ ಇದು?"

"ವಿಭೂತಿ ರೀ. ಸೋಮವಾರಕ್ಕೊಮ್ಮೆ ಮೂರು ಬೆರಳಲೆ ಹಚ್ಚತೀನಿ. ಹನ್ನೊಂದ ವರ್ಷದಾಗ ಒಂದ ಸೋಮವಾರ ತಪ್ಪಿಸಿಲ್ಲ." ಹೇಳುವಾಗ ಎದೆ ಮತ್ತೆ ಉಬ್ಬಿತು.

"ಕೇಳಿದ್ದು ಯಾವಾಗ?"

ಮಡಿವಾಳಯ್ಯ ಉಡಿದಾರದ ಬೀಗದ ಕೈಯನ್ನು ತಡಕಿ ಹಿಡಿದ.

ತಾಯಿ ಸೆರಗಿನ ತುದಿಯನ್ನು ನೀರಲ್ಲಿ ಅದ್ದಿ, ಡಿಸ್ಕಿನ ನಡುವಿನಿಂದ ಅಂಚಿನ ಕಡೆಗೆ ಮೆಲ್ಲಗೆ ಒರೆಸತೊಡಗಿದರು.

"ಅವ್ವಾರ, ವಿಭೂತಿ ರೀ! ಅಳಸಬ್ಯಾಡ್ರಿ!"

ಅವರು ಅಳಿಸಿದರು. ಲ್ಯಾಪ್‌ಟಾಪಿಗೆ ಹಾಕಿದರು. ಗರ್ರನೆ ತಿರುಗಿತು. ಒಂದು ಕೆಮ್ಮು ಕೇಳಿಸಿತು, ಆಮೇಲೆ ಅಜ್ಜನ ದನಿ.

ಮಡಿವಾಳಯ್ಯನ ಮೈಯೆಲ್ಲ ಜುಮ್ಮೆಂದಿತು. ಹಾಡುವ ಮುಂಚೆ ಅಜ್ಜ ಕೆಮ್ಮುತ್ತಿದ್ದರು ಎಂಬುದನ್ನೇ ಅವನು ಮರೆತಿದ್ದ.

ಒಂದು, ಎರಡು, ಮೂರು ನುಡಿ ಮುಗಿದವು. ನಾಲ್ಕನೆಯದರ ಬಾಗಿಲಲ್ಲೇ ದನಿ ಟಕ್ ಟಕ್ ಎಂದು ಸಿಕ್ಕಿಕೊಂಡಿತು. ತಾಯಿ ಡಿಸ್ಕನ್ನು ಹೊರತೆಗೆದು ತೋರಿಸಿದರು. ಬೂದಿ ತಿಕ್ಕಿ ತಿಕ್ಕಿ ಮೂರು ಬೆರಳಿನ ಗೀರು ಬಿದ್ದಿತ್ತು.

ಮಡಿವಾಳಯ್ಯ ಮಗುವಿನಂತೆ ಅತ್ತ. "ನನ್ನ ಕೈಲೇ ಹೋತ್ರಿ, ಅವ್ವಾರ."

ತಾಯಿ ಕಣ್ಣು ಮುಚ್ಚಿದರು. ನಾಲ್ಕನೆಯ ನುಡಿಯನ್ನು ಮೊದಲಿನಿಂದ ಕೊನೆಯವರೆಗೆ ಹಾಡಿದರು.

ಅವನ ಅಳು ಅಲ್ಲೇ ನಿಂತಿತು. "ನಿಮಗ ಬರ್ತಿತ್ತು! ಇಷ್ಟು ವರ್ಷ ಯಾಕ ಹೇಳಲಿಲ್ರಿ?"

"ನೀ ಪೆಟಗಿ ಕಾಯ್ದಿ. ನನ್ನ ಒಮ್ಮೆರೆ ಕೇಳಿದಿ ಏನು?"

ಅವನು ದಡಬಡಿಸಿ ಎದ್ದ. "ತಡೀರಿ ಅವ್ವಾರ, ಹೊಸಾ ಡಿಸ್ಕ ತರ್ತೀನಿ. ತುಂಬಿಸಿ ಇಡೂಣು!"

ತಾಯಿ ನಕ್ಕು, ಅವನ ಕೈ ಹಿಡಿದು ಕೂರಿಸಿದರು. ಮೂರು ಒದ್ದೆ ಬೆರಳನ್ನು ವಿಭೂತಿಗಟ್ಟಿಯ ಮೇಲೆ ತಿಕ್ಕಿ, ಅವನ ಗಂಟಲಿಗೆ ಅಡ್ಡಲಾಗಿ ಎಳೆದರು. ಅವರ ಮುಖದಲ್ಲೂ ಶಿಷ್ಯನ ಬಗ್ಗೆ ಒಂದು ಹೆಮ್ಮೆ ಇತ್ತು. ಪೆಟ್ಟಿಗೆಯ ಕಡೆಗೇ ನೋಡುತ್ತಿದ್ದವನಿಗೆ ಅದು ಇಷ್ಟು ವರ್ಷ ಕಂಡಿರಲಿಲ್ಲ.

"ಈ ಡಿಸ್ಕ ಓದತೈತೋ ಇಲ್ಲೋ ನೋಡೂಣು," ಎಂದರು. "ಹಾಡಪಾ."