ಗೋಡೆ ನಡುಗಿಸುವ ಸ್ಪೀಕರ್

ಗುರುಬಸಪ್ಪನವರ ಪಡಸಾಲೆಯಲ್ಲಿ ಆಳೆತ್ತರದ ಫಾರಿನ್ ಸ್ಪೀಕರೊಂದಿತ್ತು. ಆಯುಧಪೂಜೆಗೆ ಕುಂಕುಮ ಹಚ್ಚಿಸಿಕೊಂಡಿತ್ತೇ ಹೊರತು, ಎಲ್ಲಿ ಹಾಳಾದೀತೋ ಎಂದು ಯಜಮಾನರು ಅದಕ್ಕೆ ವೈರನ್ನೇ ಜೋಡಿಸಿರಲಿಲ್ಲ. ಬಂದ ನೆಂಟರಿಗೆಲ್ಲ, "ದೂರ ನಿಂತು ನೋಡಿ. ಇದು ಬಾಯಿ ಬಿಟ್ಟರೆ ಗೋಡೆ ನಡುಗುತ್ತೆ," ಎನ್ನುತ್ತಿದ್ದರು.

ಒಂದು ದಿನ ಆ ಮಾತಿಗೆ ಸರಿಯಾಗಿ ಹಲ್ಲಿಯೊಂದು ಲೊಚಗುಟ್ಟಿತು. "ಕೇಳಿದಿರಾ? ಸತ್ಯ ಅಂತ ಹಲ್ಲಿಯೂ ಹೇಳಿತು!" ಎಂದು ಯಜಮಾನರು ಬೀಗಿದರು. ಸ್ಪೀಕರ್ ಅವರಿಗಿಂತ ಹೆಚ್ಚು ಬೀಗಿತು.

ನೆಂಟರು ಹೋದ ಮೇಲೆ ಅದು ಗತ್ತಿನಿಂದ ಕೇಳಿತು: "ಎಲೈ ಹಲ್ಲಿಯೇ, ನನ್ನ ಪ್ರತಾಪಕ್ಕೆ ಸಾಕ್ಷಿ ಹೇಳಿದವಳು ಎಲ್ಲಿ ಅಡಗಿದ್ದೀಯೆ?"

"ನಿನ್ನ ಹೊಟ್ಟೆಯೊಳಗೇ," ಎಂದಿತು ಹಲ್ಲಿ. "ಮೆಲ್ಲಗೆ ಮಾತಾಡು, ಮರಿಗಳು ಮಲಗಿವೆ. ಮೊಟ್ಟೆಯಿಡಲು ಇಡೀ ಮನೆ ಹುಡುಕಿದೆ; ಇಷ್ಟು ಸದ್ದಿಲ್ಲದ ಜಾಗ ಇನ್ನೊಂದು ಸಿಗಲಿಲ್ಲ."