ಒಳಗೂ ತೊಗಲು ಹೊದಿಸಿದ ಹರಿಗೋಲು

ತುಂಬಿದ ಹೊಳೆಯನ್ನು ಹುಟ್ಟಿಲ್ಲದೆ ದಾಟಿದವನು ಈ ದಡದಲ್ಲಿ ನಾನೊಬ್ಬನೇ. ನಡುನೀರಿನಲ್ಲಿ ಹುಟ್ಟು ಮುರಿಯಿತು. ಪಕ್ಕದಲ್ಲಿ ಒಂದು ಮೊಸಳೆ ತನ್ನ ಪಾಡಿಗೆ ಹೋಗುತ್ತಿತ್ತು. ಅದರ ಬಾಲಕ್ಕೆ ನನ್ನ ರುಮಾಲು ಕಟ್ಟಿದೆ. ಆ ಮೊಸಳೆಯೇ ನನ್ನ ಹರಿಗೋಲನ್ನು ಎಳೆದು ತಂದು ದಡ ಸೇರಿಸಿತು. ರುಮಾಲು ಬಿಚ್ಚಿಕೊಂಡು, ಹೋಗಿ ಬಾ ಎಂದು ಕಳಿಸಿದೆ. ದಡದಲ್ಲಿ ನಿಂತು ನೋಡಿದವರು ಬಹಳ ಮಂದಿ ಇದ್ದರು. ಈಗ ಅವರಲ್ಲಿ ಒಬ್ಬರೂ ಉಳಿದಿಲ್ಲ. ಅದಕ್ಕೆ ನಾನೇನು ಮಾಡಲಿ.

ಶಾಲೆಯ ಮುಖ ನೋಡಿದವನಲ್ಲ ನಾನು. ಆದರೆ ಇಲ್ಲಿ ಹರಿಗೋಲು ಹಾಕುವವರೆಲ್ಲ ನನ್ನ ಕೈಯಲ್ಲಿ ಪಳಗಿದವರು. ಏನಾದರೂ ಸಂಶಯ ಬಂದರೆ ಈ ದುರುಗಜ್ಜನ ಹತ್ತಿರವೇ ಬರುತ್ತಾರೆ. ಮೊನ್ನೆ ಸಂಜೆ ಯಂಕೋಬ ಬಂದ. ಹುಟ್ಟು ಹಿಡಿಯುವುದನ್ನು ನನ್ನಿಂದಲೇ ಕಲಿತವನು. ಈಗ ಹರಿಗೋಲಿನವರ ಸಂಘಕ್ಕೆ ಕಾರ್ಯದರ್ಶಿ.

‘ಅಜ್ಜಾ, ಒಳಗೆ ಏನಿದೆ ಅಂತ ತೋರಿಸದ ವಸ್ತು ಒಳ್ಳೆಯದೋ, ಎಲ್ಲರ ಮುಂದೆ ಬಿಚ್ಚಿಟ್ಟದ್ದು ಒಳ್ಳೆಯದೋ?’ ಎಂದು ಕೇಳಿದ.

‘ಯಾವ ವಸ್ತು?’

‘ಸಾಫ್ಟ್‌ವೇರ್.’

ಅದೇನೆಂದು ನಾನು ಕೇಳಲಿಲ್ಲ. ಗುರುವಾದವನು ಎಲ್ಲವನ್ನೂ ಕೇಳುತ್ತ ಕೂರಬಾರದು. ಅವನೇ ಹೇಳಿದ.

ನಮ್ಮಲ್ಲಿ ದಿನಾ ಬೆಳಿಗ್ಗೆ ಗಡಿಗೆಯಿಂದ ಕಲ್ಲು ಎತ್ತುವ ಪದ್ಧತಿ ಇತ್ತು. ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ಕಲ್ಲು. ಯಾರ ಕಲ್ಲು ಮೊದಲು ಬಂತೋ ಅವರ ಹರಿಗೋಲು ಮೊದಲು ನೀರಿಗೆ. ಎಲ್ಲರೂ ಗಡಿಗೆಯ ಸುತ್ತ ನಿಂತು ನೋಡುತ್ತಿದ್ದರು. ಈಗ ಹಂಪೆ ನೋಡಲು ಬರುವವರು ಮನೆಯಿಂದಲೇ ಫೋನಿನಲ್ಲಿ ಹರಿಗೋಲು ಗೊತ್ತುಮಾಡುತ್ತಾರೆ. ಗಡಿಗೆ ಸಾಲದು. ಪಾಳಿ ಹಚ್ಚಲು ಸಂಘದವರು ಕಂಪ್ಯೂಟರ್ ತಂದರು. ಅದರೊಳಗೆ ಹಾಕುವುದಕ್ಕೆ ಎರಡು ಸಾಫ್ಟ್‌ವೇರ್ ಬಂದವು. ಒಂದು ಕಂಪನಿಯದು. ಅಂದವಾಗಿದೆ, ಚುರುಕಾಗಿದೆ, ಕನ್ನಡದಲ್ಲಿ ಮಾತೂ ಆಡುತ್ತದೆ. ಪಾಳಿ ಹೇಗೆ ಹಚ್ಚುತ್ತದೆ ಎಂದು ಮಾತ್ರ ಯಾರೂ ನೋಡುವಂತಿಲ್ಲ, ತಿದ್ದುವಂತಿಲ್ಲ. ಇನ್ನೊಂದು ಎಲ್ಲೆಲ್ಲಿಯೋ ಇರುವ ಜನ ಸೇರಿ ಬರೆದದ್ದು. ಯಾರು ಬೇಕಾದರೂ ಒಳಗೆ ನೋಡಬಹುದು, ತಿದ್ದಬಹುದು, ಬೇರೆ ಊರಿನವರಿಗೂ ಕೊಡಬಹುದು. ಕೊಡುವಾಗ ತಿದ್ದಿದ್ದನ್ನು ಮುಚ್ಚಿಡಬಾರದು ಎಂಬುದೊಂದೇ ಷರತ್ತು. ಆದರೆ ಅದು ಆಗಾಗ ಎಡವುತ್ತದೆ. ಎಡವಿದಾಗ ಯಾರನ್ನು ಕರೆಯಬೇಕೋ ತಿಳಿಯದು.

ಕಂಪನಿಯದನ್ನು ಒಂದಷ್ಟು ದಿನ ಪರೀಕ್ಷೆಗೆಂದು ಹಾಕಿ ನೋಡಿದ್ದರು. ಮಾರನೆಯ ದಿನ ಬೆಳಿಗ್ಗೆ ಯಂಕೋಬ ಕಂಪನಿಯವರಿಗೆ ಹೂಂ ಅನ್ನಬೇಕಿತ್ತು, ಇಲ್ಲವೇ ಉಹೂಂ ಅನ್ನಬೇಕಿತ್ತು.

ಹುಲಿಗೆಮ್ಮ ಅಲ್ಲೇ ಕೂತು ತನ್ನ ಹರಿಗೋಲಿನ ತಳಕ್ಕೆ ಡಾಂಬರು ಬಳಿಯುತ್ತಿದ್ದಳು. ಗಂಡ ಸೊಂಟ ಮುರಿದುಕೊಂಡು ಮಲಗಿದಂದಿನಿಂದ ಹುಟ್ಟು ಅವಳ ಕೈಗೆ ಬಂದಿದೆ. ಮನೆ ನಡೆಯುವುದು ಆ ಹರಿಗೋಲಿನಿಂದಲೇ.

‘ಪರೀಕ್ಷೆ ಶುರುವಾದ ದಿನದಿಂದ ನನ್ನ ಪಾಳಿ ಕಡೆಗೇ ಬೀಳುತ್ತಿದೆ ಅನ್ನುವುದನ್ನೂ ಹೇಳು,’ ಎಂದಳು. ‘ಕಡೆಯ ಪಾಳಿ ಬರುವ ಹೊತ್ತಿಗೆ ದಡದಲ್ಲಿ ಜನ ಇರುವುದಿಲ್ಲ, ನಾಯಿಗಳು ಇರುತ್ತವೆ.’

‘ಕಂಪನಿಯವರನ್ನು ಕೇಳಿದೆ ಅಕ್ಕಾ. ಲೆಕ್ಕ ಸರಿಯಾಗಿಯೇ ಇದೆ ಅಂದರು.’

‘ನೀನು ಏನಂದೆ?’

‘ಹೂಂ ಅಂದೆ. ಇನ್ನೇನು ಅನ್ನಲಿ? ಇನ್ನೊಂದನ್ನು ಬಿಚ್ಚಿ ತೋರಿಸಿದರೂ ಅಷ್ಟೇ. ಓದಲು ನಮಗೆಲ್ಲಿ ಬರುತ್ತದೆ?’

ಅವಳು ಡಾಂಬರಿನ ಕಡೆ ತಿರುಗಿದಳು. ಯಂಕೋಬ ನನ್ನ ಕಡೆ ತಿರುಗಿದ.

ಕಂಪ್ಯೂಟರಿನ ವಿಷಯ ನನಗೆ ಗೊತ್ತಿಲ್ಲ. ಗೊತ್ತಿಲ್ಲ ಎಂದು ನಾನು ಯಾವತ್ತೂ ಸುಮ್ಮನೆ ಕೂತವನಲ್ಲ. ‘ಒಂದು ಕತೆ ಹೇಳುತ್ತೇನೆ, ಹೂಂಗುಟ್ಟು,’ ಎಂದೆ. ನನ್ನ ಕತೆಗೆ ಕೇಳುವವರ ಹೂಂ ಬೇಕು. ಹೂಂ ನಿಂತರೆ ಕತೆಯೂ ನಿಲ್ಲುತ್ತದೆ.

‘ಹೂಂ,’ ಎಂದ ಯಂಕೋಬ.

ಒಂದು ಹೊಳೆಯ ದಡದಲ್ಲಿ ಹರಿಗೋಲು ಹೆಣೆಯುವವರು ಇಬ್ಬರಿದ್ದರು. ಮೊದಲನೆಯವನಂಥ ಕೈ ಮತ್ತೊಂದಿರಲಿಲ್ಲ. ಅವನ ಹರಿಗೋಲು ನೀರಿನ ಮೇಲೆ ಹೂವಿನ ಹಾಗೆ ಕೂರುತ್ತಿತ್ತು. ಎಲ್ಲರೂ ಬಿದಿರಿನ ಬುಟ್ಟಿಗೆ ಹೊರಗಡೆ ಮಾತ್ರ ತೊಗಲು ಹೊದಿಸುತ್ತಾರೆ. ಅವನು ಒಳಗೂ ಹೊದಿಸುತ್ತಿದ್ದ. ಹೆಣಿಗೆ ಯಾರ ಕಣ್ಣಿಗೂ ಬೀಳಬಾರದು. ಹೊಲಿಗೆ ಬಿಚ್ಚಿದರೆ ಮತ್ತೆ ನನ್ನ ಬಾಗಿಲಿಗೆ ಬರಬೇಡ ಎಂದು ಹೇಳಿ, ಬಿಚ್ಚುವುದಿಲ್ಲ ಎಂದು ಕೊಳ್ಳುವವನಿಂದ ಮಾತು ತೆಗೆದುಕೊಳ್ಳುತ್ತಿದ್ದ.

‘ಹೂಂ.’

ಎರಡನೆಯವನು ಒಳಗಡೆ ಹೊದಿಸದೆ ಬಿಡುತ್ತಿದ್ದ. ನೋಡಿ ಕಲಿಯುವವರು ಕಲಿಯಲಿ, ಆದರೆ ರಿಪೇರಿ ಮಾಡಿದವನು ಅದನ್ನು ಕೇಳಿದವರಿಗೆ ಕಲಿಸಲೇಬೇಕು ಎನ್ನುತ್ತಿದ್ದ. ಅವನ ಹರಿಗೋಲಿಗೆ ಊರೂರಿನವರ ಕೈ ಬಿದ್ದಿತ್ತು. ಒಂದು ಬಿದಿರ ದಬ್ಬೆ ದಪ್ಪ, ಒಂದು ತೆಳು. ನೋಡಿದರೆ ಹಕ್ಕಿ ಬಿಟ್ಟುಹೋದ ಗೂಡು.

‘ಹೂಂ.’

ಒಬ್ಬ ಅಂಬಿಗ ಮೊದಲನೆಯದನ್ನು ಕೊಂಡ. ಇನ್ನೊಬ್ಬ ಅಂಬಿಗ ಎರಡನೆಯದನ್ನು ಕೊಂಡ. ಬಹಳ ಕಾಲ ಮೊದಲನೆಯ ಅಂಬಿಗನೇ ಸುಖವಾಗಿದ್ದ. ಜನ ಅವನ ಹರಿಗೋಲನ್ನೇ ಹುಡುಕಿಕೊಂಡು ಬರುತ್ತಿದ್ದರು.

ಯಂಕೋಬ ಹೂಂ ಅನ್ನುವ ಮೊದಲೇ ಕೇಳಿದ: ‘ಮುಳುಗಿದ್ದು ಯಾವುದು ಅಜ್ಜಾ?’

‘ಎರಡೂ,’ ಎಂದೆ.

ಅವನು ಹತ್ತಿರ ಸರಿದು ಕೂತ. ಹುಲಿಗೆಮ್ಮನ ಕೈಯೂ ನಿಂತಿತು.

ಮೊದಲು ಮುಳುಗಿದ್ದು ತೆರೆದದ್ದೇ. ಅದರ ತಳದಲ್ಲಿ ಒಂದು ದಬ್ಬೆ ಮುರಿದಿತ್ತು. ಹತ್ತಿದವರೆಲ್ಲ ನೋಡಿದ್ದರು. ಇಷ್ಟು ಜನ ನೋಡಿದ್ದಾರೆ, ಯಾರಾದರೂ ಸರಿಮಾಡುತ್ತಾರೆ ಎಂದುಕೊಂಡು ಪ್ರತಿಯೊಬ್ಬನೂ ಇಳಿದು ಹೋದ. ಒಂದು ದಿನ ಅಂಬಿಗನ ಕಾಲು ತೊಗಲನ್ನೂ ತೂರಿಕೊಂಡು ಹೊಳೆಗೆ ಇಳಿಯಿತು. ಹೊಳೆ ಹರಿಗೋಲಿಗೆ ಹತ್ತಿತು. ಮುಳುಗಿದ್ದನ್ನು ದಡಕ್ಕೆ ಎಳೆದು ತಂದು, ನೀನು ನೋಡಿರಲಿಲ್ಲವೇ, ನೀನು ನೋಡಿರಲಿಲ್ಲವೇ ಎಂದು ಒಬ್ಬರನ್ನೊಬ್ಬರು ಬೈದುಕೊಂಡರು. ಆ ಅಂಬಿಗನಿಗೂ ಹೆಣೆಯಲು ಬರುತ್ತಿರಲಿಲ್ಲ. ಬರುವವನೊಬ್ಬನನ್ನು ಕರೆತಂದ. ಬಂದವನು ಬಗ್ಗಿ ನೋಡಿದ, ಬೆರಳಿಟ್ಟು ತೋರಿಸಿದ, ಕೂತು ಹೆಣೆದ. ಮಾರನೆಯ ದಿನ ಹರಿಗೋಲು ಮತ್ತೆ ನೀರಿಗೆ ಬಿತ್ತು.

‘ಹೂಂ.’

ಆಮೇಲೆ ಮುಚ್ಚಿದ್ದು ಒಂದು ಕಡೆಗೆ ವಾಲತೊಡಗಿತು. ಅಂಬಿಗ ಹೆಣೆದವನ ಬಳಿಗೆ ಹೊತ್ತುಕೊಂಡು ಹೋದ. ಅವನು ಕದ ಹಾಕಿಕೊಂಡು ಏನೋ ಮಾಡಿ, ಸರಿಯಾಗಿದೆ ಎಂದು ಕೊಟ್ಟ. ಕೆಲವು ದಿನ ಸರಿಯಾಗಿಯೇ ಇತ್ತು. ಮತ್ತೆ ವಾಲಿತು. ಅಷ್ಟರಲ್ಲಿ ಹೆಣೆದವನು ಊರು ಬಿಟ್ಟು ಹೋಗಿದ್ದ. ಎಲ್ಲಿಗೆ ಹೋದ ಎಂದು ಯಾರಿಗೂ ಗೊತ್ತಿಲ್ಲ. ಹೊಲಿಗೆ ಬಿಚ್ಚು ಎಂದರು ಜನ. ಮಾತು ಕೊಟ್ಟಿದ್ದೇನೆ ಎಂದ ಅಂಬಿಗ. ವಾಲುವ ಹರಿಗೋಲಿಗೆ ಎದುರು ಬದಿಯಲ್ಲಿ ಕಲ್ಲು ಹೇರಿಕೊಂಡು ತಿರುಗಿದ. ವಾಲಿದಷ್ಟೂ ಕಲ್ಲು ಹೇರಿದ. ಒಂದು ದಿನ ಸುಳಿಯಲ್ಲಿ ಸಿಕ್ಕಿತು. ಅಂಬಿಗ ಈಜಿ ಬಂದ. ಹರಿಗೋಲು ಬರಲಿಲ್ಲ. ಸುಳಿ ಅದನ್ನು ನುಂಗಿತು, ಎಲ್ಲಿಯೂ ಉಗುಳಲಿಲ್ಲ.

‘ಹೂಂ. ಯಾಕೆ ವಾಲುತ್ತಿತ್ತು ಅಜ್ಜಾ?’

ನಾನು ಎಲೆ ಅಡಿಕೆ ಬಾಯಿಗೆ ಹಾಕಿಕೊಂಡೆ. ಇಂಥ ಕಡೆ ಅವಸರ ಮಾಡಬಾರದು.

‘ಅದರ ಒಂದು ಮಗ್ಗುಲಲ್ಲಿ ಬಿದಿರೇ ಇರಲಿಲ್ಲ, ತಮ್ಮಾ. ಜೋಳದ ದಂಟು. ಬಿದಿರು ಉಳಿಸಲು ಆ ಕಳ್ಳ ಆ ಮಗ್ಗುಲಿಗೆ ಪೂರ್ತಿ ದಂಟು ಹೆಣೆದಿದ್ದ. ರಿಪೇರಿಗೆ ಬಂದಾಗ ಒಳಗೆ ಬೆಂಡು ತುರುಕಿ, ಅದು ಜರುಗದ ಹಾಗೆ ಒಂದು ಹಳೆಯ ಚಪ್ಪಲಿ ಒತ್ತಿ, ಮೇಲೆ ಹೊಲಿದಿದ್ದ. ಚಪ್ಪಲಿ ನೆನೆದು ಭಾರವಾಯಿತು. ಅದಕ್ಕೇ ಮತ್ತೆ ವಾಲಿದ್ದು.’

‘ಹೂಂ,’ ಎಂದ ಯಂಕೋಬ. ಬಾಯಿ ತೆರೆದೇ ಇತ್ತು. ‘ಎಡಗಾಲಿನದೋ, ಬಲಗಾಲಿನದೋ?’

‘ಎಡಗಾಲಿನದು.’

‘ಹೂಂ.’

ಹುಲಿಗೆಮ್ಮ ಡಾಂಬರಿನ ಕೋಲನ್ನು ಕೆಳಗಿಟ್ಟಳು.

‘ಅಜ್ಜಾ, ಹೊಲಿಗೆಯನ್ನು ಯಾರೂ ಬಿಚ್ಚಲಿಲ್ಲ ಅಂದಿರಿ. ಹೆಣೆದವನು ಊರು ಬಿಟ್ಟ ಅಂದಿರಿ. ಹರಿಗೋಲು ಸುಳಿಗೆ ಹೋಯಿತು ಅಂದಿರಿ. ಹಾಗಿದ್ದರೆ ಒಳಗೆ ಚಪ್ಪಲಿ ಇತ್ತು ಅಂತ ನಿಮಗೆ ಯಾರು ಹೇಳಿದರು?’

ಯಂಕೋಬ ಒಮ್ಮೆ ಅವಳನ್ನು ನೋಡಿದ, ಒಮ್ಮೆ ನನ್ನನ್ನು ನೋಡಿದ.

ನಾನು ಭುಜ ಕುಣಿಸಿದೆ.

‘ಯಾರೂ ಹೇಳಲಿಲ್ಲ ಯವ್ವಾ. ಮುಚ್ಚಿದ ಹರಿಗೋಲು ನೋಡು, ನಾನು ಏನು ಇತ್ತು ಅಂದರೂ ಇವನು ಹೂಂ ಅಂದ.’